ಆಲೂಗಡ್ಡೆ, ಮಂಜುಗಡ್ಡೆ

ಫೆಬ್ರವರಿ 3, ಶನಿವಾರ

ನಾನೀಗ ಒಬ್ಬನ ಹೆಂಡತಿ. ಈ ವಾಕ್ಯವನ್ನು ಬರೆದು ನೋಡಬೇಕೆಂದೇ ಈ ದಿನಚರಿ ಕೊಂಡೆ. ಬರೆದಾಯಿತು, ಬಹಳ ಚೆನ್ನಾಗಿ ಕಾಣುತ್ತಿದೆ. ಬೆಳಿಗ್ಗೆ ರೈಲಿನಲ್ಲಿ ಟಿಕೆಟ್ ನೋಡುವಾಕೆ "ನಿಮ್ಮ ಗಂಡನದು?" ಎಂದಾಗ ನಾನು ಯಾರನ್ನು ಕೇಳುತ್ತಿದ್ದಾಳೆಂದು ಹಿಂದಿನ ಸೀಟಿನ ಕಡೆ ತಿರುಗಿದೆ. ಸೀಮ್ ನಕ್ಕ ರಭಸಕ್ಕೆ ಟಿಕೆಟ್ಟೇ ಕೆಳಗೆ ಬಿತ್ತು.

ಸೀಮ್‌ಗೆ ನೀರಿನ ಇಲಾಖೆಯಲ್ಲಿ ಕೆಲಸ. ಯಾವ ಕಾಲುವೆಯಲ್ಲಿ ಎಷ್ಟು ನೀರಿರಬೇಕು, ಯಾವ ತೂಬು ಯಾವಾಗ ತೆರೆಯಬೇಕು ಎಂದು ನೋಡಿಕೊಳ್ಳುವುದು. ಚಳಿಗೆ ಅವನ ಕಿವಿಗಳು ಕೆಂಪಾಗುತ್ತವೆ. ಹಿಂದಿನಿಂದ ಬೆಳಕು ಬಿದ್ದರೆ ಎರಡು ಪುಟ್ಟ ದೀಪ ಹಚ್ಚಿಟ್ಟ ಹಾಗೆ. ನಾನು ಮುಖ್ಯವಾಗಿ ಮದುವೆಯಾದದ್ದು ಆ ಕಿವಿಗಳನ್ನು.

ಅವನ ಸಹೋದ್ಯೋಗಿಯೊಬ್ಬ ಪೋರ್ಚುಗಲ್‌ಗೆ ಹೋಗುತ್ತ ತನ್ನ ದೋಣಿಮನೆಯ ಬೀಗದ ಕೈ ಕೊಟ್ಟಿದ್ದಾನೆ. ಆಮ್‌ಸ್ಟರ್‌ಡ್ಯಾಮ್‌ನ ಪ್ರಿನ್ಸೆನ್ ಕಾಲುವೆಯ ಮೇಲೆ, ಎರಡು ವಾರ, ನಾವಿಬ್ಬರೇ. ಕಿಟಕಿ ನೀರಿನ ಮಟ್ಟಕ್ಕಿದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಬಾತುಕೋಳಿಯೊಂದು ನನ್ನ ತಟ್ಟೆಯನ್ನು ಇಣುಕಿ ನೋಡಿ, ಇಷ್ಟೇನಾ ಎಂಬಂತೆ ಹೋಯಿತು. ಸೇತುವೆಯ ಮೇಲಿದ್ದ ಪ್ರವಾಸಿಗಳು ನಾವು ಮುತ್ತು ಕೊಡುವುದರ ಫೋಟೋ ತೆಗೆದರು. ಪರದೆ ಎಳೆಯೋಣವೆಂದರೆ ಪರದೆಯೇ ಇಲ್ಲ. ಸೀಮ್ ಅವರಿಗೆ ಕೈಬೀಸಿದ.

ನನ್ನದೊಂದು ದೊಡ್ಡ ಯೋಜನೆಯಿದೆ. ಈ ಊರಿನ ಸೇತುವೆಗಳನ್ನೆಲ್ಲ ನೋಡುವುದು, ಪ್ರತಿಯೊಂದರ ಮೇಲೂ ನಿಂತು ಒಂದು ಮುತ್ತು. ನಮ್ಮದು ದಕ್ಷಿಣದ ಲಿಂಬರ್ಗ್, ಗುಡ್ಡದ ಸೀಮೆ. ನಮ್ಮ ಗುಲ್ಪೆನ್ ಊರಿನ ಹೊಳೆಯ ಸೇತುವೆಯ ಮೇಲೆ ಮುತ್ತು ಕೊಟ್ಟರೆ ಸಂಜೆಯೊಳಗೆ ಪಾದ್ರಿಗೆ ಸುದ್ದಿ ಮುಟ್ಟುತ್ತದೆ. ಇಲ್ಲಿ ಯಾರು ಕೇಳುತ್ತಾರೆ?

ಫೆಬ್ರವರಿ 4, ಭಾನುವಾರ

ಸೇತುವೆಗಳು ಬಹಳವಾದವು. ತುಟಿ ಒಡೆದಿದೆ. ಚಳಿ ಅಂದರೆ ಅಂಥ ಚಳಿ.

ಎಷ್ಟು ಚೆಂದದ ಊರು! ಮನೆಗಳೆಲ್ಲ ಒಂದಕ್ಕೊಂದು ಹೆಗಲು ಕೊಟ್ಟು, ಕುಡಿದ ಗೆಳೆಯರ ಹಾಗೆ ವಾಲಿ ನಿಂತಿವೆ. ಒಂದು ಕಡೆ ಮನೆಯ ನೆತ್ತಿಯ ಕೊಕ್ಕೆಗೆ ಹಗ್ಗ ಹಾಕಿ ಸೋಫಾ ಮೇಲೆಳೆಯುತ್ತಿದ್ದರು. ಕೆಳಗೆ ಗಂಡ ಹೆಂಡತಿ ಎಡಕ್ಕೆ, ಇಲ್ಲ ಬಲಕ್ಕೆ ಎಂದು ಜಗಳವಾಡುತ್ತಿದ್ದರು. ಮುಂದೊಂದು ದಿನ ನಮ್ಮ ಸೋಫಾ ಕೂಡ ಹೀಗೆ ಗಾಳಿಯಲ್ಲಿ ನೇತಾಡುತ್ತದೆ ಎಂದು ಸೀಮ್ ಹೇಳಿದಾಗ ನನಗೆ ಕಣ್ಣು ತುಂಬಿ ಬಂತು.

ಆದರೆ ಒಂದು ಅನುಮಾನ. ನಡುವೆ ಒಂದು ಸೇತುವೆಯಲ್ಲಿ ನಾನು ಕಣ್ಣು ತೆರೆದೆ. ಅವನದೂ ತೆರೆದೇ ಇತ್ತು. ನನ್ನ ಹೆಗಲ ಮೇಲಿಂದ ಏನನ್ನೋ ನೋಡುತ್ತಿದ್ದ. ಯಾರವಳು ಎಂದು ತಿರುಗಿದರೆ ಯಾರೂ ಇಲ್ಲ, ನೀರು ಮಾತ್ರ.

"ನೋಡು ಚಿನ್ನ, ಅಂಚಿಗೆ ಮಂಜು ಕಟ್ತಾ ಇದೆ" ಎಂದ. ಮದುವೆಯ ಉಂಗುರ ತೊಡಿಸುವಾಗಲೂ ಅವನ ದನಿ ಹೀಗೆ ನಡುಗಿರಲಿಲ್ಲ.

ಫೆಬ್ರವರಿ 6, ಮಂಗಳವಾರ

ಇಡೀ ಊರಿಗೆ ಹುಚ್ಚು ಹಿಡಿದಿದೆ. ಕಾಲುವೆ ಕಾಸಿದ ಹಾಲಿನ ಹಾಗೆ ಕೆನೆ ಕಟ್ಟಿದೆ. ನೀರು ಅಲುಗಬಾರದೆಂದು ತೂಬುಗಳನ್ನು ಮುಚ್ಚಿದ್ದಾರೆ. ದೋಣಿಗಳಿಗೆ ನಿಷೇಧ. ಬೇಕರಿಯಲ್ಲಿ, ಟ್ರಾಮಿನಲ್ಲಿ, ಚರ್ಚಿನ ಬಾಗಿಲಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಎಷ್ಟು ದಪ್ಪ? ಎದುರು ದಂಡೆಯ ಇಬ್ಬರು ನೆರೆಯವರು ಗೋಡೆಯ ವಿಷಯಕ್ಕೆ ವರ್ಷಗಳಿಂದ ಮಾತು ಬಿಟ್ಟಿದ್ದರಂತೆ. ಇವತ್ತು ಒಟ್ಟಿಗೆ ಕೋಲಿನಿಂದ ಮಂಜುಗಡ್ಡೆ ಕುಟ್ಟುತ್ತಿದ್ದರು. ನಾವು ಇವತ್ತು ಚರ್ಚಿನ ಗೋಪುರ ಹತ್ತಬೇಕಿತ್ತು. ಸೀಮ್ ಕಿಟಕಿ ಬಿಟ್ಟು ಏಳಲಿಲ್ಲ.

ಸಂಜೆ ಅತ್ತೆ ಗ್ರೇ ಫೋನ್ ಮಾಡಿದರು. ಭಾನುವಾರ ಇಡೀ ಕುಟುಂಬ ಬರುತ್ತದಂತೆ, ನಮ್ಮ ದೋಣಿಯ ಏಣಿಯಿಂದಲೇ ಮಂಜಿಗೆ ಇಳಿಯುವುದಂತೆ. ಅವರ ಮನೆತನದಲ್ಲಿ ಒಂದು ಪದ್ಧತಿ. ಮದುವೆಯಾದ ಮೇಲಿನ ಮೊದಲ ಮಂಜಿನಲ್ಲಿ ಹೊಸ ಜೋಡಿ ಕೈಗೆ ಕೈ ಹೆಣೆದು ಒಂದು ಸೇತುವೆಯಿಂದ ಇನ್ನೊಂದು ಸೇತುವೆಯವರೆಗೆ ಸ್ಕೇಟ್ ಮಾಡಬೇಕು, ಎರಡೂ ತುದಿಯಲ್ಲಿ ಮುತ್ತು ಕೊಡಬೇಕು, ಎಲ್ಲರೂ ನಿಂತು ನೋಡಬೇಕು. ಅತ್ತೆಯ ತಾಯಿ, ಎಲ್ಲರೂ ಓಮಾ, ಅಂದರೆ ಅಜ್ಜಿ, ಎಂದು ಕರೆಯುವ ಓಮಾ ಡೀವರ್, ಹಾಗೆ ಹೋದದ್ದು ಇದೇ ಕಾಲುವೆಯ ಮೇಲೆ.

ಈಗ ಬರೆಯಲೇಬೇಕು, ಬೇರೆ ಯಾರಿಗೆ ಹೇಳಲಿ? ನನಗೆ ಸ್ಕೇಟಿಂಗ್ ಬರುವುದಿಲ್ಲ. ಒಂದಡಿಯೂ ಬರುವುದಿಲ್ಲ.

ಮೊದಲ ಸಲ ಅವರ ಮನೆಗೆ ಹೋದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, ಸ್ಕೇಟಿಂಗ್ ಬರುತ್ತದೆಯೇ ಎಂದು. ಸೀಮ್‌ನ ಹಳೆಯ ಗೆಳತಿ ಹೆಸ್ಟರ್ ಕ್ಲಬ್ಬಿನ ಪದಕ ಗೆದ್ದವಳು. ಪದಕದ ಸಮೇತ ಅವಳ ಫೋಟೋ ಇನ್ನೂ ಗೋಡೆಯ ಮೇಲಿತ್ತು. ನಾನು ಫೋಟೋ ನೋಡಿದೆ, ಅತ್ತೆಯ ಮುಖ ನೋಡಿದೆ, "ಓ, ಹಂಸದ ಹಾಗೆ" ಎಂದೆ. ಭೂಮಿ ಬಿಸಿಯಾಗುತ್ತಿದೆ, ಇನ್ನು ಕಾಲುವೆಗಳು ಹೆಪ್ಪುಗಟ್ಟುವುದೇ ಅಪರೂಪ ಎಂದು ದಿನವೂ ಓದುತ್ತಿದ್ದೆನಲ್ಲ; ವಿಜ್ಞಾನಿಗಳನ್ನು ನಂಬಿ ಹೇಳಿದ ಸುಳ್ಳು ಅದು. ಮುಂದಿನ ಸಲ ಹೋದಾಗ ಫೋಟೋ ಗೋಡೆಯಿಂದ ಇಳಿದಿತ್ತು. ಮದುವೆಗೆ ಅತ್ತೆ ಕೊಟ್ಟ ಉಡುಗೊರೆ ಒಂದು ಜೊತೆ ಸ್ಕೇಟ್ಸ್.

ಭಾನುವಾರ ನಾನು ಬಿದ್ದರೆ ಹೆಸ್ಟರ್ ಮತ್ತೆ ಗೋಡೆ ಹತ್ತುತ್ತಾಳೆ. ಹತ್ತಲಿ, ಅದನ್ನಾದರೂ ತಡೆದುಕೊಳ್ಳಬಹುದು. ಆದರೆ ಸೀಮ್? ಮದುವೆಯ ಊಟದಲ್ಲಿ ಎದ್ದು ನಿಂತು, ನನ್ನ ಫೀನ್ ಮಂಜಿನ ಮೇಲೆ ಹಂಸ ಎಂದು ಎಲ್ಲರ ಮುಂದೆ ಹೇಳಿದವನು. ನಾನು ಆಡಿದ ಮೊದಲ ಮಾತುಗಳಲ್ಲಿ ಒಂದು ಸುಳ್ಳೆಂದು ತಿಳಿದರೆ, ಮಿಕ್ಕ ಮಾತುಗಳನ್ನೂ ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿದು ನೋಡುವುದಿಲ್ಲವೇ?

ಫೆಬ್ರವರಿ 7, ಬುಧವಾರ

ಉಪಾಯ ಸಿಕ್ಕಿತು!

ಏಣಿಯ ಕೆಳಗಿನ ಮಂಜು ಗಟ್ಟಿಯಾಗದಿದ್ದರೆ ಯಾರೂ ಇಳಿಯುವಂತಿಲ್ಲ. ಅಡುಗೆಮನೆಯ ಕಿಟಕಿ ಏಣಿಯ ಪಕ್ಕದಲ್ಲೇ ಇದೆ. ದೊಡ್ಡ ಪಾತ್ರೆಯಲ್ಲಿ ಆಲೂಗಡ್ಡೆ ಬೇಯಿಸುವುದು, ಉಪ್ಪು ಧಾರಾಳವಾಗಿ ಹಾಕುವುದು, ನೀರು ಕೊತಕೊತ ಕುದಿಯುವಾಗಲೇ ಕಿಟಕಿಯಿಂದ ಬಸಿಯುವುದು. ಇದರಲ್ಲಿ ತಪ್ಪೇನಿದೆ? ಹೊಸ ಹೆಂಡತಿ ಅಡುಗೆ ಮಾಡುತ್ತಿದ್ದಾಳೆ, ಅಷ್ಟೆ.

ಬೆಳಿಗ್ಗೆ ಹುರಿದ ಆಲೂಗಡ್ಡೆ, ಮಧ್ಯಾಹ್ನ ಬೇಯಿಸಿದ್ದು, ಸಂಜೆ ಕೇಲ್ ಸೊಪ್ಪಿನ ಜೊತೆ ಹಿಸುಕಿದ್ದು. ಸೀಮ್‌ಗೆ ಸಂತೋಷ ತಡೆಯಲಾಗಲಿಲ್ಲ. ದಕ್ಷಿಣದವರು ಬರೀ ಹಣ್ಣಿನ ಕಡುಬು ತಿನ್ನುತ್ತಾರೆಂದು ಅವನಮ್ಮ ಹೆದರಿಸಿದ್ದರಂತೆ. ಸಂಜೆಯ ಹೊತ್ತಿಗೆ ಏಣಿಯ ಬುಡದಲ್ಲಿ ಟೋಪಿಯಷ್ಟು ಅಗಲದ ತೂತು. ಅದನ್ನು ನೋಡುತ್ತ ಎಷ್ಟು ಹೊತ್ತು ನಿಂತೆನೋ. ಇಷ್ಟು ಹೆಮ್ಮೆ ನನಗೆ ಪದವಿ ಬಂದಾಗಲೂ ಆಗಿರಲಿಲ್ಲ.

ಫೆಬ್ರವರಿ 8, ಗುರುವಾರ

ಬೆಳಿಗ್ಗೆ ನೋಡಿದರೆ ತೂತೇ ಇಲ್ಲ. ಮುಚ್ಚಿಹೋಗಿ, ಸುತ್ತಲಿನ ಮಂಜಿಗಿಂತ ನುಣ್ಣಗೆ ಕನ್ನಡಿಯ ಹಾಗಿತ್ತು. ಈ ಚಳಿಗೆ ನನ್ನ ಮೇಲೆ ಏನು ಹಗೆಯೋ.

ಸೀಮ್ ನನಗಿಂತ ಮೊದಲೇ ಎದ್ದಿದ್ದ. ಬೂಟು ತೊಟ್ಟು, ಬಕೆಟ್ ಹಿಡಿದು ಹೊರಗಿನಿಂದ ಬಂದ. ಕಾಲುವೆ ಹೆಪ್ಪುಗಟ್ಟಿದೆ, ಬಾತುಕೋಳಿಗಳಿಗೆ ಕುಡಿಯಲು ನೀರು ಕೊಟ್ಟು ಬಂದೆ ಎಂದ. ಎಂಥ ಮನಸ್ಸು! ಇಂಥವನಿಗೆ ನಾನು ಮೋಸ ಮಾಡುತ್ತಿದ್ದೇನೆ. ಬೇಜಾರಿನಲ್ಲಿ ಇನ್ನಷ್ಟು ಆಲೂಗಡ್ಡೆ ಸುಲಿದೆ.

ಮಧ್ಯಾಹ್ನದ ನೀರು ಸುರಿಯುತ್ತಿದ್ದಾಗ ಸಿಕ್ಕಿಬಿದ್ದೆ. ಪಕ್ಕದ ದೋಣಿಯ ಕೋಬುಸ್, ಟ್ರಾಮ್ ಓಡಿಸಿ ನಿವೃತ್ತರಾದವರು, ಮಂಜಿನ ಮೇಲೆ ಹಲಗೆ ಹಾಕಿ ಬೋರಲು ಮಲಗಿ ದಪ್ಪ ಅಳೆಯುತ್ತಿದ್ದರು. ಹಬೆಯೆದ್ದಾಗ ತಲೆಯೆತ್ತಿದರು.

"ಏನದು, ಸೂಪಾ?"

"ಆಲೂಗಡ್ಡೆ ನೀರು."

"ಯಾಕೆ ಹುಡುಗಿ, ನಿಮ್ ದೋಣೀಲಿ ಸಿಂಕ್ ಇಲ್ವಾ?"

ಬೈದಿದ್ದರೆ ಚೆನ್ನಾಗಿತ್ತು. ಅವರು ತೂತನ್ನು ನೋಡಿ ಮೆಲ್ಲಗೆ, "ಹೋದ್ಸಲ ಈ ಕಾಲ್ವೆ ಹೆಪ್ಪುಗಟ್ಟಿದಾಗ ನನ್ ಹೆಂಡ್ತಿ ಇದ್ಲು" ಎಂದರು. ಅಷ್ಟೇ. ನನಗೆ ಅಳು ಬಂತು, ಕಿಟಕಿಯಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟೆ: ಹೆಸ್ಟರ್, ಫೋಟೋ, ಹಂಸ. ಕೋಬುಸ್ ನಕ್ಕ ನಗುವಿಗೆ ಹಲಗೆ ಲಟಲಟ ಎಂದಿತು.

"ಈ ದಂಡೆಯವರಿಗೆ ಗೊತ್ತಾದ್ರೆ ನಿನ್ನನ್ನ ಅದೇ ತೂತಲ್ಲಿ ಇಳಿಸಿ ಮೇಲೆ ಮುಚ್ತಾರೆ" ಎಂದರು.

ಬಾಯಿ ಮುಚ್ಚಿಕೊಂಡಿರಲು ಅವರದೊಂದು ಷರತ್ತು. ಬೆಳಗಿನ ಹೊತ್ತು ಸೇತುವೆಯ ಮೇಲೆ ನಿಂತು ಮಂಜು ಒಡೆಯುವ ಕಳ್ಳದೋಣಿ ಬಾರದಂತೆ ಕಾಯುವುದು ಅವರ ಪಾಳಿ, ಅವರಿಗೋ ಮಂಡಿನೋವು. ನಾಳೆಯಿಂದ ಆ ಕೆಲಸ ನನ್ನದು. ಜೊತೆಗೆ, ಬೇಯಿಸಿದ ಆಲೂಗಡ್ಡೆ ಉಳಿದಿದ್ದರೆ ಒಂದು ತಟ್ಟೆ. ಉಳಿದಿದೆಯೇ! ಬೇಕಾದಷ್ಟಿದೆ.

ಫೆಬ್ರವರಿ 9, ಶುಕ್ರವಾರ

ಸೀಮ್ ಇವತ್ತೂ ಬಕೆಟ್ ಹಿಡಿದು ಹೋಗಿದ್ದ. ಈ ಊರಿನ ಬಾತುಕೋಳಿಗಳು ಎಷ್ಟು ನೀರು ಕುಡಿಯುತ್ತವೆ!

ಸೇತುವೆಗೆ ಹೊರಡುವಾಗ ಓಮಾ ಡೀವರ್ ಫೋನ್. ಮಗಳಿಗೆ ಗೊತ್ತಾಗದ ಹಾಗೆ ಮಾಡಿದ್ದೇನೆ, ಬೇಗ ಹೇಳು, ಮಂಜು ಗಟ್ಟಿಯಿದೆಯೇ ಎಂದು ಪಿಸುದನಿಯಲ್ಲಿ ಕೇಳಿದರು. ಸೊಂಟದ ಮೂಳೆ ಮುರಿದ ಮೇಲೆ ಅವರನ್ನು ಯಾರೂ ಮಂಜಿಗೆ ಬಿಡುವುದಿಲ್ಲ.

"ನನ್ನನ್ನ ಹೂವಿನ ಕುಂಡದ ಹಾಗೆ ದೋಣಿ ಮೇಲೆ ಇಟ್ಬಿಡ್ತಾರಂತೆ. ಇಟ್ರೆ ಇಟ್ಕೊಳ್ಲಿ. ನೋಡೋಕಾದ್ರೂ ಸಿಗುತ್ತಲ್ಲ. ಬೂಟು ಬಾಗಿಲ ಹತ್ರ ಇಟ್ಕೊಂಡು ಕೂತಿದೀನಿ ಕಣೇ" ಎಂದರು.

ಅವರಿಗೆ ಬೂಟು ತೊಡಲು ಇನ್ನೂ ಎರಡು ದಿನವಿದೆ.

ಸೇತುವೆಯ ಮೇಲೆ ನನ್ನೊಬ್ಬಳನ್ನು ಬಿಟ್ಟು ಯಾರೂ ಇರಲಿಲ್ಲ. ಆಗ ಬಂತು ನೋಡಿ ದೋಣಿ. ಕಬ್ಬಿಣದ್ದು, ಮೂತಿ ಚೂಪು, ಒಳಗೆ ಬಿಯರ್ ಹಿಡಿದ ನಾಲ್ಕಾರು ಹುಡುಗರು, ಹಿಂದೆ ಮಂಜು ಚೂರುಚೂರಾದ ದಾರಿ. ಚಾಲಕ ಕಿತ್ತಳೆ ಟೋಪಿಯ ಕೆಳಗಿನಿಂದ ನನ್ನನ್ನು ನೋಡಿ, ಈ ಕಾಲುವೆಗೆ ಹೋಗಬಹುದೇ ಎಂದು ಕೇಳಿದ.

ಹೂಂ ಎಂದಿದ್ದರೆ ಮುಗಿದಿತ್ತು. ಕಾಲುವೆ ಒಡೆದು, ಭಾನುವಾರ ರದ್ದಾಗಿ, ನಾನು ಸಾಯುವವರೆಗೂ ಹಂಸವಾಗಿರುತ್ತಿದ್ದೆ. ತಲೆಯಾಡಿಸಿದ್ದರೂ ಸಾಕಿತ್ತು.

"ಇನ್ನೊಂದು ಇಂಚು ಮುಂದೆ ಬಂದ್ರೆ ಈ ಸೈಕಲ್ ನಿನ್ ತಲೆ ಮೇಲಿರುತ್ತೆ" ಎಂದೆ. ನೋಡಿದರೆ ನಿಜವಾಗಿಯೂ ಯಾರದೋ ಸೈಕಲ್ ನನ್ನ ಕೈಯಲ್ಲಿತ್ತು. ಆಮೇಲೆ ಲಿಂಬರ್ಗ್‌ನ ಬೈಗುಳ ಎಷ್ಟು ಗೊತ್ತೋ ಅಷ್ಟೂ ಬಂತು. ದೋಣಿ ಹಿಂದಕ್ಕೆ ಹೋಯಿತು. ಎದುರಿನ ಮನೆಗಳ ಕಿಟಕಿಗಳಿಂದ ಚಪ್ಪಾಳೆ.

ಅವನ ಟೋಪಿ ನನಗೆ ಹಿಡಿಸಲಿಲ್ಲ, ಅಷ್ಟೆ.

ಇವತ್ತು ಬ್ರೆಡ್ ತಿಂದೆವು. ಆಲೂಗಡ್ಡೆ ಬೇಯಿಸಲು ಪುರುಸೊತ್ತಾಗಲಿಲ್ಲ.

ಫೆಬ್ರವರಿ 10, ಶನಿವಾರ

ಕಾಲುವೆಯ ಮೇಲೆ ಜನ ಇಳಿದಿದ್ದಾರೆ. ಮದುಮಗಳ ಮೊದಲ ಹೆಜ್ಜೆ ಓಮಾ ಎದುರಿಗೇ ಆಗಬೇಕು, ಅದಕ್ಕೇ ನಾಳೆಯವರೆಗೆ ತಡೆದುಕೊಂಡಿದ್ದೇನೆ ಎಂದೆ. ಸೀಮ್ ಅದು ಬಹಳ ಸರಿ ಎಂದು ಒಪ್ಪಿ, ನಾಳೆಯ ಸೂಪಿಗೆ ಬಟಾಣಿ ತರಲು ಹೋದ.

ಕೋಬುಸ್ ತಮ್ಮ ಅಡುಗೆಮನೆಯ ಮರದ ಕುರ್ಚಿ ತಂದರು. ಇಲ್ಲಿಯ ಮಕ್ಕಳು ಕಲಿಯುವುದು ಹೀಗೇ, ಕುರ್ಚಿಯ ಬೆನ್ನು ಹಿಡಿದು ತಳ್ಳುತ್ತ. ಕುರ್ಚಿ ಹಿಡಿದರೆ ನಾನು ಮಹಾರಾಣಿ. ಬಿಟ್ಟರೆ ಎಮ್ಮೆ. ಬಿಟ್ಟೆ, ಬಿದ್ದೆ. ಬಿಟ್ಟೆ, ಬಿದ್ದೆ. "ಬಿಡೋದ್ಯಾಕೆ ಮತ್ತೆ?" ಎಂದರು ಕೋಬುಸ್, ಬೇಸತ್ತು.

ಅರ್ಧ ಸೇರು ಬಟಾಣಿ ತರಲು ಸೀಮ್‌ಗೆ ಅರ್ಧ ದಿನ ಬೇಕಾಯಿತು. ಅಂಗಡಿಯಲ್ಲಿ ತುಂಬ ಜನ ಎಂದ. ಅವನ ಕಿವಿಗಳು ಗಂಟೆಗಟ್ಟಲೆ ಸೇತುವೆಯ ಮೇಲೆ ನಿಂತವರ ಕಿವಿಗಳ ಹಾಗೆ ಕೆಂಪಾಗಿದ್ದವು. ಪಾಪ, ಸಾಲು ಅಂಗಡಿಯ ಹೊರಗಿನವರೆಗೂ ಇತ್ತೇನೋ.

ಮೈಯೆಲ್ಲ ನೋವು. ಬೆಳಿಗ್ಗೆಯಿಂದ ಕುಂಟುವುದೆಂದು ತೀರ್ಮಾನಿಸಿದ್ದೇನೆ. ಕಾಲು ಉಳುಕಿದೆ ಎಂದರೆ ಯಾರೇನು ಮಾಡುತ್ತಾರೆ?

ಫೆಬ್ರವರಿ 11, ಭಾನುವಾರ

ನಮ್ಮ ಗುಲ್ಪೆನ್‌ನಲ್ಲಿ ಇವತ್ತು ಕಾರ್ನಿವಲ್, ವೇಷದ ಹಬ್ಬ. ಅಮ್ಮ ಕೋಳಿಯ ವೇಷ ಹಾಕಿಕೊಂಡ ಫೋಟೋ ಕಳಿಸಿದ್ದಾಳೆ. ಇಲ್ಲಿ ನಾನು ಹಂಸದ ವೇಷದಲ್ಲಿ.

ತಿಂಡಿಯ ಹೊತ್ತಿಗೆ ಎಡಗಾಲು ಕುಂಟಿದೆ. ಅತ್ತೆಮಾವ ಬಂದಾಗ ಬಲಗಾಲು ಕುಂಟುತ್ತಿದ್ದೆ. ಯಾರೂ ಕೇಳಲೇ ಇಲ್ಲ. ಎಲ್ಲರ ಕಣ್ಣೂ ಮಂಜಿನ ಮೇಲೆ. ನಾದಿನಿ, ಅವಳ ಮಕ್ಕಳು, ಮಾವ, ಎಲ್ಲರೂ ಏಣಿಯಿಂದ ಸರಸರ ಇಳಿದರು. ನಾನು ಅಷ್ಟು ನೀರು ಸುರಿದ ಜಾಗವೇ ಎಲ್ಲಕ್ಕಿಂತ ಗಟ್ಟಿ. ಓಮಾ ಅವರನ್ನು ದೋಣಿಯ ಮೇಲೆ ಕಂಬಳಿ ಸುತ್ತಿ ಕೂರಿಸಿದರು, ಅವರೇ ಹೇಳಿದ್ದ ಹೂವಿನ ಕುಂಡದ ಹಾಗೆ.

"ಬಾ ಫೀನ್, ನೋಡೇಬಿಡೋಣ ನಿನ್ನ ಹಂಸಾನ" ಎಂದರು ಅತ್ತೆ ಕೆಳಗಿನಿಂದ. ಸೀಮ್ ಕೈ ಚಾಚಿ ನಿಂತಿದ್ದ.

ಸ್ಕೇಟ್ಸ್ ಕಟ್ಟಿಕೊಂಡು ಏಣಿಯಿಳಿದೆ, ಒಂದು ಕೈಯಲ್ಲಿ ಏಣಿಯನ್ನು ಬಿಗಿಯಾಗಿ ಹಿಡಿದೇ ನಿಂತೆ. ಉಳುಕಿದೆ ಎನ್ನಬೇಕು, ಅಷ್ಟೇ ಉಳಿದಿರುವುದು. ಯಾವ ಕಾಲು ಎಂದು ಯೋಚಿಸುತ್ತ ಮೇಲೆ ನೋಡಿದೆ. ಓಮಾ ಅವರ ಕಂಬಳಿ ಕೆಳತುದಿಯಲ್ಲಿ ಅಲುಗುತ್ತಿತ್ತು. ಎಡ, ಬಲ. ಎಡ, ಬಲ. ಮುಖ ನೆಟ್ಟಗೆ ಇಟ್ಟುಕೊಂಡು, ಯಾರಿಗೂ ಕಾಣದ ಹಾಗೆ ಕುಳಿತಲ್ಲೇ ಸ್ಕೇಟ್ ಮಾಡುತ್ತಿದ್ದರು.

ಕೋಬುಸ್‌ರ ಕುರ್ಚಿ ಪಕ್ಕದ ದೋಣಿಗೆ ಒರಗಿಕೊಂಡಿತ್ತು. ಕೈಗೆ ಎಟುಕುವಷ್ಟು ಹತ್ತಿರ.

"ಓಮಾ" ಎಂದೆ, "ಬನ್ನಿ. ಕೂತ್ಕೊಳ್ಳಿ. ನಾನು ತಳ್ತೀನಿ."

ಅದು ಕುತಂತ್ರವೋ ಇನ್ನೇನೋ, ನನಗೇ ಗೊತ್ತಿಲ್ಲ. ಅತ್ತೆ ಬೇಡವೆಂದರು, ಸೊಂಟ ಎಂದರು, ಡಾಕ್ಟರ್ ಎಂದರು. ಅಷ್ಟರಲ್ಲಿ ಸೀಮ್ ಮೇಲೆ ಹೋಗಿ ಓಮಾ ಅವರನ್ನು ಮಗುವಿನ ಹಾಗೆ ಎತ್ತಿಕೊಂಡು ಇಳಿದಿದ್ದ. ಇಷ್ಟು ಬೇಗ ಅವನು ಯಾವ ಕೆಲಸವನ್ನೂ ಮಾಡಿದ್ದನ್ನು ನಾನು ನೋಡಿಲ್ಲ.

ತಳ್ಳಿದೆ. ಹೊರಟೆವು. ಕುರ್ಚಿ ನಿನ್ನೆಗಿಂತ ಭಾರ, ಅದಕ್ಕೇ ನಿನ್ನೆಗಿಂತ ಸ್ಥಿರ. ಎರಡೂ ದಂಡೆಯ ಮನೆಗಳು ಹಿಂದೆ ಹಿಂದೆ ಸರಿದವು, ನನ್ನ ಬಾಯಿ ತನ್ನಷ್ಟಕ್ಕೆ ನಗುತ್ತಿತ್ತು. ನಡುದಾರಿಯಲ್ಲಿ ಓಮಾ ಹಿಂದೆ ತಿರುಗದೆಯೇ ಕೇಳಿದರು.

"ಕುರ್ಚಿ ಬಿಟ್ರೆ ಬಿದ್ದೋಗ್ತೀಯ, ಅಲ್ವೇನೇ?"

"ಹೂಂ,‌ ಓಮಾ."

"ನಾನು ಎದ್ರೆ ಬಿದ್ದೋಗ್ತೀನಿ. ಸರಿ ಹಾಗಾದ್ರೆ. ನಾನು ಏಳಲ್ಲ, ನೀನು ಬಿಡ್ಬೇಡ. ಇನ್ನೂ ಜೋರಾಗಿ ತಳ್ಳು."

ಸೇತುವೆಯ ನೆರಳಿನಲ್ಲಿ ಸೀಮ್ ನನಗೆ ಮುತ್ತು ಕೊಟ್ಟ. ಕಣ್ಣು ಮುಚ್ಚಿಕೊಂಡೇ ಕೊಟ್ಟ, ನಾನು ನೋಡಿದೆ. ನನಗೆಲ್ಲಿ ಎಂದು ಓಮಾ ಕೆನ್ನೆ ಚಾಚಿದರು. ಅವರ ಕಾಲದಲ್ಲಿ ಈ ಸೇತುವೆಗೆ ಬೇರೆ ಬಣ್ಣವಿತ್ತಂತೆ, ಗಂಡನಿಗೆ ಮೀಸೆಯಿತ್ತಂತೆ, ಚುಚ್ಚುತ್ತಿತ್ತಂತೆ.

ಹಿಂತಿರುಗಿದಾಗ ಅತ್ತೆ, ಸಾಕು, ಈಗ ನೀವಿಬ್ಬರೂ ಪದ್ಧತಿಯ ಪ್ರಕಾರ ಕೈ ಹೆಣೆದು ಹೋಗಿ, ಅಮ್ಮ ಏಳಲಿ ಎಂದರು. ಓಮಾ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಏಳಲ್ಲ."

"ಅಮ್ಮ, ಹಠ ಮಾಡ್ಬೇಡ."

"ಇಷ್ಟು ವರ್ಷ ನೀನು ಹೇಳಿದ ಕಡೆ ಕೂತಿದೀನಿ ಗ್ರೇ. ಇವತ್ತು ನಾನು ಹೇಳಿದ ಕಡೆ ಕೂರ್ತೀನಿ. ನಡಿಯೇ ಹುಡುಗಿ."

ಕತ್ತಲಾಗುವವರೆಗೂ ಅವರು ಏಳಲಿಲ್ಲ. ನಾನು ಬಿಡಲಿಲ್ಲ. ಸೂಪು ಬಡಿಸುವಾಗ ಅತ್ತೆ ನನ್ನ ಬಟ್ಟಲಿಗೆ ಮಾತ್ರ ಸಾಸೇಜ್ ಇನ್ನೊಂದು ತುಂಡು ಹಾಕಿ, ಯಾರಿಗೂ ಕೇಳದಷ್ಟು ಮೆಲ್ಲಗೆ, "ಹೆಸ್ಟರ್ ಆಗಿದ್ರೆ ಅಮ್ಮನ್ನ ಅಲ್ಲೇ ಬಿಟ್ಟು ಒಬ್ಳೇ ಆ ತುದಿ ಮುಟ್ಟಿರ್ತಿದ್ಲು" ಎಂದರು.

ನಾನು ಸೂಪಿನೊಳಗೆ ಮುಖವಿಟ್ಟುಕೊಂಡೆ. ಹಾಗೆ ಮಾಡಲು ನನಗೂ ಬಹಳ ಆಸೆಯಿತ್ತು ಎಂದು ಹೇಳಲಿಲ್ಲ.

ಫೆಬ್ರವರಿ 13, ಮಂಗಳವಾರ

ಗಾಳಿ ತಿರುಗಿದೆ, ಪಶ್ಚಿಮದಿಂದ ಬೆಚ್ಚಗೆ ಬೀಸುತ್ತಿದೆ. ಸೂರಿನಿಂದ ತೊಟ್ಟಿಕ್ಕುತ್ತಿದೆ. ಬೆಳಿಗ್ಗೆ ಎಚ್ಚರವಾಗಿ ಆ ಸದ್ದು ಕೇಳಿದಾಗ ನನಗೆ ಬಂದ ಸಿಟ್ಟು ಹೇಳತೀರದು. ಇನ್ನೊಂದು ವಾರ ನಿಂತಿದ್ದರೆ ಏನಾಗುತ್ತಿತ್ತು? ಈ ವಿಜ್ಞಾನಿಗಳ ಬಿಸಿ ಭೂಮಿಗೆ ಬೆಂಕಿ ಬೀಳಲಿ.

ಏಣಿಯ ಬುಡದಲ್ಲಿ, ನಾನು ಉಪ್ಪು ಸುರಿದಲ್ಲಿಯೇ, ಮೊದಲು ಕರಗಲು ಶುರುವಾಗಿತ್ತು. ಸೀಮ್ ನೋಡುವ ಮೊದಲೇ ಮುಚ್ಚಿಬಿಡೋಣವೆಂದು ಬಕೆಟ್‌ನಲ್ಲಿ ತಣ್ಣೀರು ತುಂಬಿಕೊಂಡು, ಅಂಗಿಯ ಮೇಲೆ ಕೋಟು ಹಾಕಿಕೊಂಡು ಮೆಲ್ಲಗೆ ಹೊರಗೆ ಬಂದೆ.

ಸೀಮ್ ಅಲ್ಲೇ ಇದ್ದ. ಏಣಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ತನ್ನ ಬಕೆಟ್‌ನಿಂದ ಅದೇ ತೂತಿಗೆ ನೀರು ಸುರಿಯುತ್ತಿದ್ದ. ಸುತ್ತಮುತ್ತ ಒಂದೇ ಒಂದು ಬಾತುಕೋಳಿ ಇರಲಿಲ್ಲ.

ನಾನು ಅವನ ಬಕೆಟ್ ನೋಡಿದೆ. ಅವನು ನನ್ನ ಬಕೆಟ್ ನೋಡಿದ.

"ಯಾವಾಗಿಂದ?" ಎಂದೆ.

"ಮೊದಲ್ನೇ ಆಲೂಗಡ್ಡೆಯಿಂದ" ಎಂದ. "ಮೂರು ಹೊತ್ತು ಆಲೂಗಡ್ಡೆ, ಚಿನ್ನ. ನಮ್ಮಮ್ಮ ಕೂಡ ಅಷ್ಟು ಮಾಡಲ್ಲ."

"ಹಂಸ ಅಲ್ಲ ಅಂತ?"

ಅದು ಇನ್ನೂ ಮೊದಲೇ ಗೊತ್ತಿತ್ತಂತೆ. ಮದುವೆಗೆ ಮೊದಲೇ, ಅತ್ತೆ ಸ್ಕೇಟ್ಸ್ ಕೊಟ್ಟ ದಿನ, ನಾನು ಎಡಗಾಲಿನದನ್ನು ಬಲಗಾಲಿಗೆ ಹಾಕಿ, ಸರಿಯಾಗಿದೆ ಎಂದಿದ್ದೆನಂತೆ. ಶನಿವಾರ ಸೇತುವೆಯ ಮೇಲೆ ನಿಂತು ನಾನು ಬೀಳುವುದನ್ನೆಲ್ಲ ನೋಡಿದನಂತೆ. ಹಾಗಾದರೆ ಮದುವೆಯ ಊಟದಲ್ಲಿ ಎದ್ದು ನಿಂತು ಹೇಳಿದ್ದೇಕೆ ಎಂದು ಕೇಳಿದೆ. ನೀನು ಅಷ್ಟು ಆಸೆಪಟ್ಟು ಹೇಳಿದ ಸುಳ್ಳನ್ನು ನೀನೊಬ್ಬಳೇ ಹೊತ್ತುಕೊಳ್ಳಬಾರದು ಅನ್ನಿಸಿತು ಎಂದ. ಕಿವಿಗಳು ಎರಡೂ ದೀಪದ ಹಾಗೆ ಹತ್ತಿಕೊಂಡಿದ್ದವು.

ಇಬ್ಬರೂ ಪಕ್ಕಪಕ್ಕ ಕೂತು ನನ್ನ ಬಕೆಟ್ಟನ್ನೂ ಸುರಿದೆವು. ಪಕ್ಕದ ದೋಣಿಯಿಂದ ಕೋಬುಸ್, ಕಾಲುವೆಗೆ ನೀರು ಹಾಕುತ್ತಿರುವ ಈ ಮೂರ್ಖರನ್ನು ಯಾರಾದರೂ ನೋಡಿ ಎಂದು ಕೂಗಿದರು.

"ಅಮ್ಮ ಆಗ್ಲೇ ಫೋನ್ ಮಾಡಿದ್ರು" ಎಂದ ಸೀಮ್, ಖಾಲಿ ಬಕೆಟ್ ಮಗುಚಿಡುತ್ತ. "ಬೇಸಿಗೇಲಿ ಎಲ್ರೂ ಹಾಯಿದೋಣೀಲಿ ಹೋಗೋದಂತೆ. ಫೀನ್‌ಗೆ ದೋಣಿ ನಡ್ಸೋಕೆ ಬರುತ್ತಾ ಅಂತ ಕೇಳಿದ್ರು."

"ನೀನೇನಂದೆ?"

"ಹಂಸದ ಹಾಗೆ ಅಂದೆ."

ಕುರ್ಚಿಯನ್ನು ಇನ್ನೂ ಹಿಂದಿರುಗಿಸಿಲ್ಲ. ಅದು ತೇಲುತ್ತದೆಯೇ ಎಂದು ನಾಳೆ ಕೋಬುಸ್‌ರನ್ನು ಕೇಳಬೇಕು.